ಟಿಕೆಟ್ಟಿಲ್ಲದ ಬಾಲ್ಕನಿ: ಬೊಂಬಾಯಿಯ ಮರೀನ್ ಡ್ರೈವ್

ಮರೀನ್ ಡ್ರೈವ್ ನೋಡಿಲ್ಲ ಅಂತೀರಾ? ಸುಳ್ಳು! ನೋಡಿದ್ದೀರಿ. ಊರ ಟೆಂಟಿನಲ್ಲೋ, ಟಾಕೀಸಿನ ಗಾಂಧಿ ಕ್ಲಾಸಿನಲ್ಲೋ, ಈಗಿನ ಕಾಲಕ್ಕೆ ಅಂಗೈಯಗಲದ ಮೊಬೈಲಿನಲ್ಲೋ ಹತ್ತಾರು ಸಲ ನೋಡಿದ್ದೀರಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೆಚ್ಚುಕಮ್ಮಿ ಒಂದೇ ಎತ್ತರದ ದುಂಡುಮೂಲೆಯ ಮನೆಗಳು, ನಡುವೆ ಬಿಲ್ಲಿನಂತೆ ಬಾಗಿದ ಅಗಲವಾದ ರಸ್ತೆ. ಆ ರಸ್ತೆ ಪರದೆ ಮೇಲೆ ಬಂತೆಂದರೆ ಸಾಕು, ಇದು ಬೊಂಬಾಯಿ ಅಂತ ಡೈರೆಕ್ಟರು ಬೇರೆ ಬೋರ್ಡು ತೋರಿಸಬೇಕಾಗಿಲ್ಲ.

೧೯೫೬ರ ‘ಸಿ.ಐ.ಡಿ.’ ಚಿತ್ರದಲ್ಲಿ ಜಾನಿ ವಾಕರ್ ಬೊಂಬಾಯಿಯನ್ನು ಚುಡಾಯಿಸುತ್ತಾ ಹಾಡುವ ಹಾಡಿದೆಯಲ್ಲ, ಅದರಲ್ಲಿ ಈ ರಸ್ತೆ ಇದೆ. ಅಂದಹಾಗೆ ಆ ಚಿತ್ರದ ನಿರ್ಮಾಪಕ ಯಾರು ಗೊತ್ತೇ? ಗುರುದತ್. ೧೯೨೫ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ, ಪಡುಕೋಣೆ ಅಡ್ಡಹೆಸರಿನ ಹುಡುಗ! ೧೯೭೯ರ ‘ಮಂಝಿಲ್’ನಲ್ಲಿ ಅಮಿತಾಭ್ ಬಚ್ಚನ್ ಮತ್ತು ಮೌಸಮಿ ಚಟರ್ಜಿ ಬಟ್ಟೆಯೆಲ್ಲ ತೊಪ್ಪೆಯಾಗಿ ಕೈಕೈ ಹಿಡಿದು ನಡೆಯುವುದೂ ಇಲ್ಲೇ. ಅದು ಪೈಪಿನಲ್ಲಿ ಬಿಟ್ಟ ಮಳೆಯಲ್ಲ ಸ್ವಾಮಿ, ಬೊಂಬಾಯಿಯ ಅಸಲಿ ಮುಂಗಾರು. ಬಾಸು ಚಟರ್ಜಿ ನಿಜವಾದ ಮಳೆಯಲ್ಲೇ ಕ್ಯಾಮೆರಾ ಹೊರಗೆ ತಂದ ಧೈರ್ಯಸ್ಥ. ಇನ್ನು ಈಚಿನ ೨೦೦೯ರ ‘ವೇಕ್ ಅಪ್ ಸಿದ್’ ಚಿತ್ರದ ಕ್ಲೈಮ್ಯಾಕ್ಸು? ಅದೂ ಇದೇ ಮಳೆ, ಇದೇ ಸಮುದ್ರ.

ಆದರೆ ಕ್ಯಾಮೆರಾ ಯಾವಾಗಲೂ ಹೀರೋನನ್ನು ನೋಡುತ್ತದೆ, ಇಲ್ಲವೇ ಅವನ ಕಾರನ್ನು. ಹಿಂದೆ ಉದ್ದಕ್ಕೂ ಒಂದು ಸಿಮೆಂಟಿನ ಕಟ್ಟೆ ಹಾದುಹೋಗುತ್ತದಲ್ಲ, ಅದರ ಮೇಲೆ ಸಾಲಾಗಿ ಜನ ಕೂತಿರುತ್ತಾರಲ್ಲ, ಅವರನ್ನು ಯಾರು ನೋಡುತ್ತಾರೆ? ಈ ವಾರ ನಾನು ಬರೆಯಹೊರಟಿದ್ದು ಆ ಕಟ್ಟೆಯ ಬಗ್ಗೆ. ಯಾಕೆಂದರೆ ಎದುರಿಗಿನ ಮನೆಗಳಲ್ಲಿ ಒಂದು ಫ್ಲ್ಯಾಟು ಕೊಳ್ಳಬೇಕಾದರೆ ಕೋಟಿಗಟ್ಟಲೆ ಬೇಕು. ಪಕ್ಕದ ಪಂಚತಾರಾ ಹೋಟೆಲಿನಲ್ಲಿ ಒಂದು ಕಾಫಿ ಕುಡಿದರೆ ನಮ್ಮ ನಿಮ್ಮ ಒಂದು ದಿನದ ಊಟದ ದುಡ್ಡು ಹೋಗುತ್ತದೆ. ಆ ಎಲ್ಲರೂ ನೋಡುವ ಅದೇ ಸಮುದ್ರವನ್ನು, ಅದೇ ಸೂರ್ಯಾಸ್ತವನ್ನು, ಅವರಿಗಿಂತ ಹತ್ತಿರದಿಂದ ನೋಡುವ ಈ ಕಟ್ಟೆಗೆ ಮಾತ್ರ ಟಿಕೆಟ್ಟಿಲ್ಲ! ಗೇಟಿಲ್ಲ, ‘ಏಳಪ್ಪ, ಟೈಮಾಯ್ತು’ ಅನ್ನುವ ವೇಟರಿಲ್ಲ.

ಹೋಗುವುದು ಸುಲಭ. ಲೋಕಲ್ ಹಿಡಿದು ಚರ್ಚ್‌ಗೇಟಿನಲ್ಲಿ ಇಳಿಯಿರಿ. ಅದೇ ಕೊನೇ ಸ್ಟೇಷನ್ನು, ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ. ಹೊರಗೆ ಬಂದು ಪಡುವಣಕ್ಕೆ ಐದು ನಿಮಿಷ ನಡೆದರೆ ರಸ್ತೆ ಮುಗಿದು ಆಕಾಶ ಶುರುವಾಗುತ್ತದೆ. ಎಡಕ್ಕೆ ಹೋದರೆ ನರಿಮನ್ ಪಾಯಿಂಟ್, ಬಲಕ್ಕೆ ಹೋದರೆ ಗಿರಗಾಂವ್ ಚೌಪಾಟಿ, ಅದರಾಚೆ ಮಲಬಾರ್ ಹಿಲ್. ಒಟ್ಟು ೩.೬ ಕಿಲೋಮೀಟರು. ಕಾಗದದ ಮೇಲೆ ಇದರ ಹೆಸರು ನೇತಾಜಿ ಸುಭಾಷ್‌ಚಂದ್ರ ಬೋಸ್ ರಸ್ತೆ. ಆದರೆ ಟ್ಯಾಕ್ಸಿಯವನಿಗೆ ಆ ಹೆಸರು ಹೇಳಿ ನೋಡಿ, ಮುಖ ಮುಖ ನೋಡುತ್ತಾನೆ!

ಈ ನೆಲವೇ ಒಂದು ಸಿನಿಮಾ ಕಥೆ. ಇದು ಸಮುದ್ರವನ್ನು ಹಿಂದಕ್ಕೆ ತಳ್ಳಿ ಮಾಡಿದ ಜಾಗ. ಮೊದಲ ಪ್ರಯತ್ನ ೧೮೬೦ರ ದಶಕದ್ದು. ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿನ ಹತ್ತಿ ಇಂಗ್ಲೆಂಡಿನ ಮಿಲ್ಲುಗಳಿಗೆ ಬರುವುದು ನಿಂತಿತು. ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಧಾರವಾಡ ಸೀಮೆಯ ಹತ್ತಿಯೂ ಆ ಲೆಕ್ಕದಲ್ಲಿತ್ತು ಅನ್ನಿ. ಬೊಂಬಾಯಿಯಲ್ಲಿ ದುಡ್ಡು ಹೊಳೆಯಾಗಿ ಹರಿಯಿತು. ಪ್ರೇಮಚಂದ್ ರಾಯಚಂದ್ ಎಂಬ ಸಾಹುಕಾರ ಕುಣಿಸಿದಂತೆ ಷೇರುಪೇಟೆ ಕುಣಿಯಿತು. ಬ್ಯಾಕ್ ಬೇ ಕೊಲ್ಲಿಯನ್ನು ತುಂಬಿಸಿ ನೆಲ ಮಾಡುತ್ತೇವೆ ಅಂತ ಒಂದು ಕಂಪನಿ ಹುಟ್ಟಿತು, ಅದರ ಷೇರಿಗೆ ಜನ ಮುಗಿಬಿದ್ದರು. ೧೮೬೫ರಲ್ಲಿ ಅಮೆರಿಕದ ಯುದ್ಧ ನಿಂತಿತು. ಹತ್ತಿಯ ಬೆಲೆ ಪಾತಾಳಕ್ಕಿಳಿಯಿತು. ಕಂಪನಿ ಮುಳುಗಿತು, ಸಾಹುಕಾರರು ದಿವಾಳಿ, ಸಮುದ್ರ ಮಾತ್ರ ಇದ್ದಲ್ಲೇ ಇತ್ತು!

ಎರಡನೇ ರೀಲು ೧೯೨೦ರ ದಶಕದ್ದು. ಗವರ್ನರ್ ಜಾರ್ಜ್ ಲಾಯ್ಡ್ ಸಾಹೇಬರು ಮತ್ತೆ ಕೈಹಾಕಿದರು. ಖರ್ಚು ಏರುತ್ತಲೇ ಹೋಯಿತು, ಹಾಕಿದ ಕೆಸರು ನಿಲ್ಲದೆ ಸಮುದ್ರಕ್ಕೇ ವಾಪಸಾಯಿತು. ಜನ ಅದಕ್ಕೆ ‘ಲಾಯ್ಡನ ಹುಚ್ಚಾಟ’ ಅಂತಲೇ ಹೆಸರಿಟ್ಟರು. ಆಗ ಎದ್ದು ನಿಂತವನು ಖುರ್ಷೆದ್ ಫ್ರಾಮ್ಜಿ ನರಿಮನ್ ಎಂಬ ಪಾರ್ಸಿ ವಕೀಲ. ಜನರ ದುಡ್ಡು ನೀರುಪಾಲಾಗುತ್ತಿದೆ, ಇದರಲ್ಲಿ ಮೋಸವಿದೆ ಅಂತ ಕೂಗು ಹಾಕಿದ. ಯೋಜನೆಯ ಇಂಜಿನಿಯರ್ ಹಾರ್ವೆ ಮಾನನಷ್ಟದ ಕೇಸು ಜಡಿದ. ಕೋರ್ಟಿನಲ್ಲಿ ಗೆದ್ದವನು ನರಿಮನ್. ಅಷ್ಟರಲ್ಲಿ ಕೈಗೆ ಬಂದಿದ್ದ ಒಂದಿಷ್ಟು ನೆಲದ ಮೇಲೆ ಈ ರಸ್ತೆ, ಈ ಮನೆಗಳು ಎದ್ದವು. ತಮಾಷೆ ನೋಡಿ, ಸಮುದ್ರ ತುಂಬಿಸುವುದನ್ನು ವಿರೋಧಿಸಿದ ಆ ಪುಣ್ಯಾತ್ಮನ ಹೆಸರನ್ನೇ ಮುಂದೆ ಸಮುದ್ರ ತುಂಬಿಸಿ ಮಾಡಿದ ಜಾಗಕ್ಕೆ ಇಟ್ಟರು. ನರಿಮನ್ ಪಾಯಿಂಟಿನ ಗಗನಚುಂಬಿ ಆಫೀಸುಗಳ ಕೆಳಗೆ ನಿಂತರೆ ನನಗಂತೂ ನಗು ಬರುತ್ತದೆ.

ಈಗ ಕಟ್ಟೆಗೆ ಬನ್ನಿ. ನಮ್ಮೂರ ಅರಳಿಕಟ್ಟೆಯ ಹಾಗೆಯೇ, ಅರಳಿಮರ ಇಲ್ಲ ಅಷ್ಟೆ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಆರಾಮಾಗಿ ಕೂರಬಹುದಾದ ಅಗಲ. ಒಬ್ಬನ ಮುಖ ರಸ್ತೆಗೆ, ಒಬ್ಬನ ಮುಖ ಸಮುದ್ರಕ್ಕೆ. ಕೆಳಗೆ ಇಣುಕಿದರೆ ನಾಲ್ಕು ಕಾಲಿನ ಕಾಂಕ್ರೀಟು ಗೊಂಬೆಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಟೆಟ್ರಾಪಾಡ್ ಅಂತ ಅವುಗಳ ಹೆಸರು. ೧೯೫೦ರಲ್ಲಿ ಫ್ರಾನ್ಸಿನವರು ಕಂಡುಹಿಡಿದದ್ದು. ಗೋಡೆಯಾದರೆ ಅಲೆಗೆ ಎದೆಯೊಡ್ಡಿ ನಿಲ್ಲಬೇಕು, ಒಂದು ದಿನ ಒಡೆಯುತ್ತದೆ. ಇವು ಹಾಗಲ್ಲ, ಒಂದರ ಕಾಲು ಇನ್ನೊಂದಕ್ಕೆ ಸಿಕ್ಕಿಸಿಕೊಂಡು, ನೀರನ್ನು ಸಂದಿಯಲ್ಲಿ ನುಗ್ಗಲು ಬಿಟ್ಟು, ಅಲೆಯ ಸೊಕ್ಕನ್ನು ಅಲ್ಲೇ ಇಳಿಸುತ್ತವೆ. ಹಳೇ ಪೈಲ್ವಾನರ ಪಟ್ಟು! ಆ ಸಂದಿಗಳಲ್ಲಿ ಬೆಕ್ಕಿನ ಗಾತ್ರದ ಹೆಗ್ಗಣಗಳೂ ಸಂಸಾರ ಹೂಡಿವೆ, ಕಡಲೆಕಾಯಿ ಪೊಟ್ಟಣ ಪಕ್ಕದಲ್ಲಿಟ್ಟು ಮೈಮರೆಯಬೇಡಿ.

ಮಳೆಗಾಲದಲ್ಲಿ ನೋಡಬೇಕು ಇದರ ಅವತಾರ. ಉಬ್ಬರ ನಾಲ್ಕೂವರೆ ಮೀಟರು ದಾಟುತ್ತದೆ ಅಂದರೆ ಕಾರ್ಪೊರೇಶನ್ನಿನವರು ಮುಂಚೆಯೇ ಎಚ್ಚರಿಕೆ ಕೊಡುತ್ತಾರೆ. ಅಲೆ ಟೆಟ್ರಾಪಾಡಿಗೆ ಬಡಿದು, ಬೆಳ್ಳಗೆ ಎದ್ದು, ಕಟ್ಟೆ ಹಾರಿ ರಸ್ತೆಯ ಕಾರುಗಳ ಮೇಲೆ ಬೀಳುತ್ತದೆ. ಹುಡುಗರು ಅದಕ್ಕೇ ಕಾದು ನಿಂತು ನೆನೆಯುತ್ತಾರೆ. ನೆನೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಫೋಟೋ ಹುಚ್ಚಿಗೆ ಟೆಟ್ರಾಪಾಡಿನ ಮೇಲೆ ಇಳಿಯಬೇಡಿ. ಪಾಚಿ ಕಟ್ಟಿದ ಕಾಂಕ್ರೀಟು ಅದು. ಜಾರಿ ಸಂದಿಗೆ ಬಿದ್ದವರನ್ನು ಮೇಲೆತ್ತಲು ಅಗ್ನಿಶಾಮಕ ದಳದವರೇ ಬರಬೇಕು, ಕೆಲವರು ಮೇಲೆ ಬಂದೇ ಇಲ್ಲ. ಸಿನಿಮಾದಲ್ಲಾದರೆ ಡ್ಯೂಪ್ ಇರುತ್ತಾನೆ, ನಿಮಗೆ ಎಲ್ಲಿಂದ ತರೋಣ?

ಕಟ್ಟೆಗೆ ಬೆನ್ನು ಮಾಡಿ ಈಗ ಮನೆಗಳ ಕಡೆ ತಿರುಗಿ. ಹಡಗಿನ ಹಾಗೆ ದುಂಡನೆ ಬಾಲ್ಕನಿ, ಕಿಟಕಿ ಮೇಲೆ ಹುಬ್ಬಿನಂಥ ಸಜ್ಜೆ, ಗೋಡೆ ಮೇಲೆ ನೇರ ಗೆರೆಗಳು. ೧೯೩೦–೪೦ರ ದಶಕದ ಆರ್ಟ್ ಡೆಕೋ ಫ್ಯಾಷನ್ನು ಇದು. ಇದೇ ಫ್ಯಾಷನ್ನಿನಲ್ಲಿ ಆಗ ಬೊಂಬಾಯಿಯಲ್ಲಿ ಇನ್ನೇನು ಕಟ್ಟಿದರು ಗೊತ್ತೇ? ಟಾಕೀಸುಗಳನ್ನು! ೧೯೩೩ರ ರೀಗಲ್, ೧೯೩೮ರ ಈರೋಸ್ ಎಲ್ಲ ಈ ಮನೆಗಳ ಅಣ್ಣತಮ್ಮಂದಿರೇ. ಚರ್ಚ್‌ಗೇಟ್ ಸ್ಟೇಷನ್ನಿನ ಎದುರಿಗಿರುವ ಈರೋಸ್ ಎಷ್ಟೋ ವರ್ಷ ಬಾಗಿಲು ಹಾಕಿದ್ದು, ೨೦೨೪ರಲ್ಲಿ ಹೊಸ ಪರದೆಯೊಂದಿಗೆ ಮತ್ತೆ ತೆರೆಯಿತು. ೨೦೧೮ರಲ್ಲಿ ಯುನೆಸ್ಕೋದವರು ಈ ಮನೆಗಳನ್ನೂ ಆ ಟಾಕೀಸುಗಳನ್ನೂ ಒಟ್ಟಿಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಟಾಕೀಸಿಗೆ ಅಂಥ ಮರ್ಯಾದೆ ಸಿಕ್ಕಿದ್ದು ನಮ್ಮಂಥವರಿಗೆ ಹೆಮ್ಮೆಯ ಮಾತಲ್ಲವೆ?

ಈ ಸಾಲಿನಲ್ಲಿ ಶಾತೋ ಮರೀನ್ ಎಂಬ ಕಟ್ಟಡವಿದೆ, ನರ್ಗೀಸ್ ಇದ್ದ ಮನೆ. ಕೃಷ್ಣ ಮಹಲ್ ಎಂಬುದು ಇನ್ನೊಂದು. ಅಲ್ಲಿದ್ದವಳು ಸುರೈಯಾ.

ಸುರೈಯಾ ಅಂದರೆ ನಿಮ್ಮ ಅಜ್ಜನನ್ನು ಕೇಳಿ, ಕಣ್ಣು ಮಿನುಗುತ್ತದೆ. ತಾನೇ ನಟಿಸಿ ತಾನೇ ಹಾಡುತ್ತಿದ್ದ ಚೆಲುವೆ. ೧೯೪೯ರ ‘ದಿಲ್ಲಗಿ’ಯನ್ನು ನಲವತ್ತು ಸಲ ನೋಡಿದ್ದೆ ಅಂತ ಧರ್ಮೇಂದ್ರ ಹೇಳಿಕೊಂಡಿದ್ದರು. ಆಗಿನ್ನೂ ಅವರು ಪಂಜಾಬಿನ ಹಳ್ಳಿ ಹುಡುಗ. ೧೯೪೮ರಿಂದ ೧೯೫೧ರ ನಡುವೆ ದೇವಾನಂದ್ ಜೊತೆ ಏಳು ಚಿತ್ರ ಮಾಡಿದಳು. ಪರದೆಯ ಪ್ರೀತಿ ಪರದೆಯಾಚೆಗೂ ಬಂತು. ಹುಡುಗ ಹಿಂದೂ, ಹುಡುಗಿ ಮುಸಲ್ಮಾನಳು. ಮನೆಯಲ್ಲಿ ಅಜ್ಜಿಯದೇ ದರ್ಬಾರು. ‘ಆಗದು’ ಅಂದಳು ಅಜ್ಜಿ. ದೇವಾನಂದ್ ಕೊಟ್ಟಿದ್ದ ವಜ್ರದುಂಗುರ ಈ ಸಮುದ್ರಕ್ಕೇ ಬಿತ್ತು ಅನ್ನುವುದು ಹಳೇ ಕಥೆ. ಎಸೆದವಳು ಅಜ್ಜಿಯೋ ಸುರೈಯಾಳೋ ಅನ್ನುವುದರಲ್ಲಿ ಹೇಳುವವರಿಗೇ ಒಮ್ಮತವಿಲ್ಲ. ದೇವಾನಂದ್ ಬೇರೆ ಮದುವೆಯಾದರು. ಸುರೈಯಾ ಆಗಲಿಲ್ಲ. ೨೦೦೪ರ ಜನವರಿಯಲ್ಲಿ ಕಣ್ಣುಮುಚ್ಚುವವರೆಗೂ ಮರೀನ್ ಡ್ರೈವೇ ಅವಳ ವಿಳಾಸ. ಒಂದು ಕಾಲದಲ್ಲಿ ಅವಳನ್ನು ಒಮ್ಮೆ ನೋಡಲಿಕ್ಕೆಂದೇ ಜನ ಆ ಮನೆ ಮುಂದೆ ಜಮಾಯಿಸುತ್ತಿದ್ದರು. ಈಗ ಸ್ಟಾರುಗಳನ್ನು ನೋಡುವವರು ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿಗೆ ಹೋಗುತ್ತಾರೆ. ಇಲ್ಲಿ ಬರುವವರು ಯಾರನ್ನೂ ನೋಡಲು ಬರುವುದಿಲ್ಲ, ಸುಮ್ಮನೆ ಕೂರಲು ಬರುತ್ತಾರೆ.

ಕೂರಲು ಇಷ್ಟು ದೂರ ಬರಬೇಕೆ? ಈ ಪ್ರಶ್ನೆಗೆ ನನಗೆ ಉತ್ತರ ಕೊಟ್ಟವನು ಕಟ್ಟೆ ಮೇಲೆ ಪಕ್ಕದಲ್ಲಿ ಸಿಕ್ಕ ಒಬ್ಬ ಹುಡುಗ. ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಾ, ಕ್ಯಾಮೆರಾ ತಿರುಗಿಸಿ ಸಮುದ್ರ ತೋರಿಸುತ್ತಿದ್ದ. ಆ ಕಡೆಯಿಂದ ಅಮ್ಮನ ಗಟ್ಟಿ ದನಿ:

“ಅಲ್ದಾ ಮಗಾ, ಅದೆಂತ ತೋರ್ಸೂದು? ನಮ್ಮನಿ ಹಿಂದ್ ಇಪ್ಪುದೂ ಅದೇ ಸಮುದ್ರ ಅಲ್ದನಾ?”

ನನಗೆ ನಗು ತಡೆಯಲಾಗಲಿಲ್ಲ. ಹುಡುಗ ಫೋನಿಟ್ಟು ತಿರುಗಿದ. ಕುಂದಾಪುರದ ಕಡೆಯವನು, ಉಡುಪಿ ಹೋಟೆಲಿನಲ್ಲಿ ಕೆಲಸ, ರಾತ್ರಿ ಪಾಳಿಗೆ ಇನ್ನೂ ಎರಡು ಗಂಟೆ ಇತ್ತು.

“ಅಮ್ಮಂಗೆ ಗೊತ್ತಾತಿಲ್ಲೆ ಅಣ್ಣ,” ಅಂದ. “ರೂಮಲ್ಲಿ ಎಂಟ್ ಜನ ಇತ್. ಕಾಲ್ ನೀಡುಕೂ ಜಾಗ ಇಲ್ಲೆ. ಇಲ್ ಬಂದ್ರೆ ಕಾಲ್ ನೀಡ್ಕಂಡ್ ಕೂಕಂಬುಕಾತ್ತ್.”

ಅಷ್ಟೇ ಅವನು ಹೇಳಿದ್ದು. ಬೊಂಬಾಯಿಗೆ ಬಂದ ನಮ್ಮವರ ಕಥೆ ಹೊಸದೇನಲ್ಲ. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು ೧೯೯೮ರಲ್ಲಿ. ಅದಕ್ಕೂ ಮುಂಚೆ ಘಟ್ಟದ ಬಸ್ಸಿನಲ್ಲಿ, ಇನ್ನೂ ಮುಂಚೆ ಹಡಗಿನಲ್ಲಿ ತುಳುನಾಡು, ಕುಂದಾಪುರ, ಕಾರವಾರದ ಹುಡುಗರು ಇಲ್ಲಿಗೆ ಬಂದು ಇಳಿಯುತ್ತಿದ್ದರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ, ಕೆಲವರು ಹೋಟೆಲ್ ಮಾಲೀಕರಾದರು, ಕೆಲವರು ಗುಮಾಸ್ತರಾದರು. ಮಂಗಳೂರು ಸೀಮೆಯ ಎಂ.ಬಿ. ಶೆಟ್ಟಿ ಹಿಂದಿ ಚಿತ್ರಗಳ ಬೋಳುತಲೆಯ ವಿಲನ್ ಹಾಗೂ ಫೈಟ್ ಮಾಸ್ಟರ್ ಆದರು. ನಮ್ಮ ಅನಂತನಾಗ್, ಶಂಕರನಾಗ್ ಕೂಡ ಬೊಂಬಾಯಿಯ ನಾಟಕದ ಗರಡಿಯಲ್ಲಿ ಪಳಗಿ ಬಂದವರೇ. ಇವರಲ್ಲಿ ಯಾರು ಯಾರು ಈ ಕಟ್ಟೆ ಮೇಲೆ ಕೂತಿದ್ದರೋ! ದುಡ್ಡಿಲ್ಲದ ಸಂಜೆಗೆ ಬೊಂಬಾಯಿಯಲ್ಲಿ ಬೇರೆ ಜಾಗ ಎಲ್ಲಿದೆ ಹೇಳಿ?

ಪ್ರೇಮಿಗಳ ವಿಷಯವೂ ಇದೇ. ಸಮುದ್ರದ ಕಡೆ ಮುಖ ಮಾಡಿ, ಒಂದೇ ಛತ್ರಿಯ ಕೆಳಗೆ ಕೂತ ಜೋಡಿಗಳನ್ನು ನೋಡಿ ಮುಸಿಮುಸಿ ನಗುವವರಿದ್ದಾರೆ. ಒಂದೇ ಕೋಣೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ತಮ್ಮ, ತಂಗಿಯರೊಂದಿಗೆ ಬದುಕುವ ಊರಿನಲ್ಲಿ ಎರಡು ಮಾತಾಡಲು ಅವರು ಎಲ್ಲಿ ಹೋಗಬೇಕು ಗುರೂ? ಅಲ್ಲಿ ಹೋದರೆ ದಯವಿಟ್ಟು ಗುರಾಯಿಸಬೇಡಿ, ಸಿಳ್ಳೆ ಹಾಕಬೇಡಿ. ಸಿಳ್ಳೆಯನ್ನು ಟಾಕೀಸಿಗೆ ಇಟ್ಟುಕೊಳ್ಳಿ.

ಇದನ್ನು ಗಟ್ಟಿಯಾಗಿ ಹೇಳಲು ಕಾರಣವಿದೆ. ೨೦೦೫ರ ಏಪ್ರಿಲಿನಲ್ಲಿ ಇಲ್ಲೇ ಓಡಾಡುತ್ತಿದ್ದ ಒಬ್ಬ ಕಾಲೇಜು ಹುಡುಗಿಯನ್ನು ವಿಚಾರಣೆಯ ನೆಪದಲ್ಲಿ ಪೊಲೀಸ್ ಚೌಕಿಯೊಳಗೆ ಕರೆದುಕೊಂಡು ಹೋಗಿ ಪೇದೆಯೇ ಅತ್ಯಾಚಾರ ಮಾಡಿದ. ಹಾಡಹಗಲಲ್ಲಿ, ಎದುರಿಗೆ ಇಷ್ಟು ಜನ ಓಡಾಡುವಾಗ! ಊರಿಗೆ ಊರೇ ರೊಚ್ಚಿಗೆದ್ದಿತು. ಆತನಿಗೆ ಶಿಕ್ಷೆಯಾಯಿತು. ಈ ಕಟ್ಟೆ ಎಲ್ಲರದ್ದು ಅಂತ ನಾವು ಸುಲಭವಾಗಿ ಹೇಳುತ್ತೇವೆ. ಹುಡುಗಿಯರು ಇಲ್ಲಿ ರಾತ್ರಿ ಹತ್ತಕ್ಕೂ ಒಬ್ಬರೇ ಕೂತು ಐಸ್‌ಕ್ರೀಮ್ ತಿನ್ನುವುದನ್ನು ಈಗಲೂ ನೋಡುತ್ತೀರಿ. ನಮ್ಮ ಎಷ್ಟು ಊರುಗಳಲ್ಲಿ ಅದು ಸಾಧ್ಯವಿದೆ? ಅದು ಹಾಗೇ ಉಳಿಯುವುದು ಪೊಲೀಸರಿಗೆ ಎಷ್ಟು ಸೇರಿದ್ದೋ, ಪಕ್ಕದಲ್ಲಿ ಕೂತ ಹುಡುಗರಿಗೂ ಅಷ್ಟೇ ಸೇರಿದ್ದು.

ಅದೇ ಪೊಲೀಸಿನವರ ಇನ್ನೊಂದು ಕಥೆಯೂ ಇಲ್ಲಿದೆ. ಬಲಕ್ಕೆ ನಡೆಯುತ್ತಾ ಹೋಗಿ, ಜಿಮಖಾನಾ ಮೈದಾನಗಳನ್ನು ದಾಟಿ ಚೌಪಾಟಿಗೆ. ೨೦೦೮ರ ನವೆಂಬರ್ ೨೬ರ ರಾತ್ರಿ, ಊರಿಗೆ ಬೆಂಕಿಯಿಟ್ಟು ಬಂದ ಇಬ್ಬರು ಭಯೋತ್ಪಾದಕರು ಕದ್ದ ಕಾರಿನಲ್ಲಿ ಈ ರಸ್ತೆಯಲ್ಲೇ ಬಂದರು. ಚೌಪಾಟಿಯಲ್ಲಿ ಪೊಲೀಸರು ಅಡ್ಡ ಹಾಕಿದ್ದರು. ಒಬ್ಬ ಗುಂಡಿಗೆ ಬಿದ್ದ. ಇನ್ನೊಬ್ಬ ಕಸಬ್, ಕೈಯಲ್ಲಿ ಎ.ಕೆ. ೪೭. ಸಬ್‌ಇನ್ಸ್‌ಪೆಕ್ಟರ್ ದರ್ಜೆಗೂ ಕೆಳಗಿನ ಸಹಾಯಕ ಅಧಿಕಾರಿ ತುಕಾರಾಮ್ ಓಂಬಳೆ ಕೈಯಲ್ಲಿದ್ದದ್ದು ಬರೀ ಲಾಠಿ. ಮಿಲಿಟರಿಯಿಂದ ಬಂದ ಮನುಷ್ಯ. ನೇರ ಹೋಗಿ ಬಂದೂಕಿನ ನಳಿಗೆಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡರು. ಗುಂಡುಗಳೆಲ್ಲ ಅವರ ಮೈಗೇ ಹೊಕ್ಕವು. ಅವರು ಹಿಡಿ ಬಿಡಲಿಲ್ಲ. ಹಿಂದಿದ್ದವರು ಬದುಕಿದರು, ಕಸಬ್ ಜೀವಂತ ಸಿಕ್ಕಿಬಿದ್ದ. ೨೦೦೯ರಲ್ಲಿ ಓಂಬಳೆಯವರಿಗೆ ಮರಣೋತ್ತರ ಅಶೋಕಚಕ್ರ ಬಂತು. ಅಲ್ಲಿ ಅವರ ಸ್ಮಾರಕವಿದೆ. ಫೈಟ್ ಸೀನಿಗೆ ಸಿಳ್ಳೆ ಹಾಕುವ ನಾವೆಲ್ಲ ಅಲ್ಲಿ ಒಂದು ನಿಮಿಷ ಚಪ್ಪಲಿ ಬಿಟ್ಟು ನಿಲ್ಲಬೇಕು.

ಚೌಪಾಟಿಯ ಮರಳು, ಭೇಲ್‌ಪುರಿ, ಗಣಪತಿ ವಿಸರ್ಜನೆ ಎಲ್ಲ ನಿಮಗೆ ಗೊತ್ತಿದ್ದದ್ದೇ. ೧೯೨೦ರಲ್ಲಿ ಲೋಕಮಾನ್ಯ ತಿಲಕರ ಅಂತ್ಯಸಂಸ್ಕಾರ ನಡೆದದ್ದೂ ಈ ಮರಳಿನ ಮೇಲೆಯೇ, ಅವರ ಪ್ರತಿಮೆ ಅಲ್ಲಿದೆ. ಕತ್ತಲಾಗುತ್ತಿದ್ದಂತೆ ಭೇಲ್ ಮುಗಿಸಿ ಮಲಬಾರ್ ಹಿಲ್ ಹತ್ತಿಬಿಡಿ. ಕಮಲಾ ನೆಹರೂ ಪಾರ್ಕಿನಲ್ಲಿ ಬೂಟಿನಾಕಾರದ ಮನೆಯಿದೆಯಲ್ಲ, ಅಲ್ಲಿಂದ ಕೆಳಗೆ ನೋಡಿ. ರಸ್ತೆ ದೀಪಗಳು ಬಾಗಿದ ಸಾಲಾಗಿ ಹೊತ್ತಿಕೊಂಡು ಕತ್ತಲ ಕೊರಳಿಗೆ ಹಾಕಿದ ಸರದ ಹಾಗೆ ಕಾಣುತ್ತವೆ. ‘ಕ್ವೀನ್ಸ್ ನೆಕ್‌ಲೇಸ್’, ರಾಣಿಯ ಹಾರ ಅಂತ ಹೆಸರು ಬಂದದ್ದು ಇದಕ್ಕೇ. ೨೦೧೫ರಲ್ಲಿ ಹಳದಿ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದರು. ಜನ ಬಿಡಲಿಲ್ಲ, ‘ನಮ್ಮ ಚಿನ್ನದ ಸರಕ್ಕೆ ಬೆಳ್ಳಿ ಬಳಿದಿರಾ’ ಅನ್ನುವಂತೆ ಗಲಾಟೆ ಎಬ್ಬಿಸಿದರು. ಕೊನೆಗೆ ಹಳದಿ ಛಾಯೆಯ ದೀಪವೇ ವಾಪಸು ಬಂತು! ಬಲ್ಬಿನ ಬಣ್ಣಕ್ಕೆ ಜಗಳವಾಡುವ ಜನ ಅಂದರೆ ಆ ರಸ್ತೆಯನ್ನು ಮನೆಯಂಗಳ ಅಂದುಕೊಂಡವರೇ ಇರಬೇಕು.

ಊರಿಗೆ ಖುಷಿಯಾದಾಗಲೂ ಜನ ಬರುವುದು ಇಲ್ಲಿಗೇ. ೨೦೧೧ರಲ್ಲಿ ಪಕ್ಕದ ವಾಂಖೆಡೆಯಲ್ಲಿ ಧೋನಿ ಸಿಕ್ಸರ್ ಎತ್ತಿ ವಿಶ್ವಕಪ್ ಗೆದ್ದ ರಾತ್ರಿ, ೨೦೨೪ರ ಜುಲೈ ೪ರಂದು ಟಿ-೨೦ ಕಪ್ಪು ಹಿಡಿದು ತಂಡ ತೆರೆದ ಬಸ್ಸಿನಲ್ಲಿ ಬಂದ ಸಂಜೆ, ಕಟ್ಟೆಯೂ ಕಾಣಲಿಲ್ಲ, ರಸ್ತೆಯೂ ಕಾಣಲಿಲ್ಲ. ಬರೀ ತಲೆಗಳು. ೨೦೨೦ರ ಲಾಕ್‌ಡೌನಿನಲ್ಲಿ ಮಾತ್ರ ಇದು ಖಾಲಿ ಬಿದ್ದಿತ್ತು.

ಈಗ ಮರೀನ್ ಡ್ರೈವಿನ ತುದಿಯಿಂದ ಮಲಬಾರ್ ಹಿಲ್ಲಿನ ಹೊಟ್ಟೆಯೊಳಗೆ ಎರಡು ಕಿಲೋಮೀಟರಿನ ಸುರಂಗ ಕೊರೆದು, ಕೋಸ್ಟಲ್ ರೋಡನ್ನು ವರಳಿಯವರೆಗೆ ಒಯ್ದಿದ್ದಾರೆ. ೨೦೨೪ರಲ್ಲಿ ವಾಹನಗಳಿಗೆ ತೆರೆಯಿತು. ಅದರ ಪಕ್ಕ ಹೊಸ ಸಮುದ್ರದಂಡೆಯ ಕಾಲುದಾರಿಯೂ ೨೦೨೫ರ ಆಗಸ್ಟಿನಲ್ಲಿ ಜನರಿಗೆ ಸಿಕ್ಕಿತು. ಉದ್ದದಲ್ಲಿ ಅದು ಮರೀನ್ ಡ್ರೈವನ್ನು ಮೀರಿಸುತ್ತದೆ. ಆದರೆ ನನ್ನ ತಕರಾರು ಒಂದೇ. ಅಲ್ಲಿಗೆ ಹೋಗಬೇಕಾದರೆ ದೊಡ್ಡ ರಸ್ತೆಯ ಅಡಿಯ ಕಾಲುಸುರಂಗ ಹುಡುಕಿಕೊಂಡು ಹೋಗಬೇಕು. ಚರ್ಚ್‌ಗೇಟಿನ ಹಾಗೆ ಲೋಕಲ್ ಇಳಿದು, ಐದು ನಿಮಿಷ ಕಾಲೆಳೆದು, ದೊಪ್ಪನೆ ಕೂತುಬಿಡುವ ಸುಖ ಅದರಲ್ಲಿಲ್ಲ. ನಮ್ಮ ಮಲ್ಪೆಯಲ್ಲೂ ಸೀ ವಾಕ್ ಮಾಡಿದ್ದಾರೆ, ಚೆನ್ನಾಗಿದೆ. ಕಾರವಾರದಲ್ಲಿ ಟಾಗೋರ್ ಬೀಚ್ ಇದೆ. ಇಷ್ಟುದ್ದದ ಕರಾವಳಿ ಇಟ್ಟುಕೊಂಡು ನಾವು ಊರ ನಡುವೆ ಇಂಥ ಒಂದು ಉದ್ದನೆಯ ಪುಕ್ಕಟೆ ಕಟ್ಟೆ ಯಾಕೆ ಕಟ್ಟಲಿಲ್ಲವೋ!

ಹೋಗುವವರಿಗೆ ಕೊನೆಯದಾಗಿ ಒಂದೆರಡು ಮಾತು. ಸಂಜೆ ಐದಕ್ಕೆ ಮುಂಚೆ ಹೋಗಬೇಡಿ, ಬಿಸಿಲಿಗೆ ಕಟ್ಟೆ ಕಾದ ಹೆಂಚಾಗಿರುತ್ತದೆ. ಭಾನುವಾರ ಬೇಡ, ಕೂರಲು ಜಾಗ ಸಿಗುವುದಿಲ್ಲ. ಚರ್ಚ್‌ಗೇಟಿನಿಂದ ಕೊನೇ ಲೋಕಲ್ ರಾತ್ರಿ ಒಂದರ ಸುಮಾರಿಗೆ. ತಪ್ಪಿತೋ, ಮುಂದಿನದು ಬೆಳಗಿನ ಜಾವ ನಾಲ್ಕರ ಮೇಲೆ. ಟ್ಯಾಕ್ಸಿಗೆ ದುಡ್ಡಿಲ್ಲದಿದ್ದರೆ ಹೆದರಬೇಡಿ, ವಾಪಸು ಕಟ್ಟೆಗೆ ಬನ್ನಿ. ಪೊಲೀಸಿನವನು ಎಬ್ಬಿಸಿದರೆ ವಾದ ಮಾಡದೆ ಎದ್ದು, ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಕೂರಿ. ಸೈಕಲ್ಲಿನಲ್ಲಿ ಚಹಾ ಮಾರುವವನು ಆ ಹೊತ್ತಿಗೂ ಬರುತ್ತಾನೆ. ಚಿಲ್ಲರೆ ಇಟ್ಟುಕೊಂಡಿರಿ.